ಹುಡುಗ ಬಂದಾಗ 140, ಹೋದಮೇಲೆ 4

ಮದುವೆ ಆಲ್ಬಂ ಡಿಸೈನ್ ಮಾಡುವುದು ನನ್ನ ಕೆಲಸ. ಶಿವಮೊಗ್ಗದ ನಮ್ಮ ಹಳೇ ಮನೆಯ ಹಿಂದಿನ ಕೋಣೆಯೇ ಆಫೀಸು. ಫೋಟೋಗ್ರಾಫರ್‌ಗಳು ಹಾರ್ಡ್‌ಡಿಸ್ಕ್ ತಂದುಕೊಟ್ಟು ಹೋಗುತ್ತಾರೆ, ನಾನು ಶೀಟು ಮಾಡಿ ಪ್ರಿಂಟಿಂಗ್ ಲ್ಯಾಬ್‌ಗೆ ಅಪ್‌ಲೋಡ್ ಮಾಡುತ್ತೇನೆ. ಒಂದು ಆಲ್ಬಂ ಸುಮಾರು 6 ಜಿಬಿ. ನಮ್ಮ ಫೈಬರ್ ಇಂಟರ್ನೆಟ್ ಪ್ಲಾನ್ 150 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 150 ಮೆಗಾಬಿಟ್; ಕಳಿಸುವುದಕ್ಕೂ ಅಷ್ಟೇ ವೇಗ. 8 ಬಿಟ್ ಸೇರಿದರೆ ಒಂದು ಬೈಟ್ ಅಂತ ಲೆಕ್ಕ ಹಾಕಿದರೆ 6 ಜಿಬಿ ಐದೂವರೆ ನಿಮಿಷದ ಕೆಲಸ. ಕಳೆದ ಸೀಸನ್ನಿನಲ್ಲಿ ಅದಕ್ಕೆ ಮೂರು ಗಂಟೆ ಹಿಡಿದ ದಿನಗಳಿವೆ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಹುಡುಗ ಬಂದ, ನನ್ನ ಲ್ಯಾಪ್‌ಟಾಪಿನಲ್ಲೇ ಸ್ಪೀಡ್ ಟೆಸ್ಟ್ ಓಡಿಸಿದ. "ಅಕ್ಕಾ, ನೋಡಿ, 140 ಬರ್ತಿದೆ. ನಮ್ ಕಡೆ ಏನೂ ಪ್ರಾಬ್ಲಂ ಇಲ್ಲ." ನಿಜವಾಗಿಯೂ 140 ಬರುತ್ತಿತ್ತು. ಅವನು ಗೇಟು ದಾಟಿ, ನಾನು ಕೆಲಸಕ್ಕೆ ಕೂತರೆ ಮತ್ತೆ 4. ಹೀಗೆ ಮೂರು ಸಲ ಆಯಿತು. ಮೂರನೇ ಸಲ ಅವನಿಗೂ ನನ್ನ ಮೇಲೆ ಅನುಮಾನ ಬಂದಿರಬೇಕು.

ಆಮೇಲೆ ಒಂದು ಚೀಟಿ ಇಟ್ಟುಕೊಂಡು ಹೊತ್ತು ಮತ್ತು ಸ್ಪೀಡು ಬರೆಯತೊಡಗಿದೆ. ಎರಡು ದಿನದಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು: ಸ್ಪೀಡು ಏರಿಳಿಯುತ್ತಿರಲಿಲ್ಲ, ಮೂರೇ ಮೆಟ್ಟಿಲ ಮೇಲೆ ನಿಲ್ಲುತ್ತಿತ್ತು. 130ರಿಂದ 140, ಇಲ್ಲವೇ 45ರ ಆಸುಪಾಸು, ಇಲ್ಲವೇ 4.

ಮೊದಲೆರಡರ ಗುಟ್ಟು ಬೇಗ ಸಿಕ್ಕಿತು. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ವೈಫೈ ಪ್ರಾಪರ್ಟೀಸ್ ತೆರೆದರೆ ಲ್ಯಾಪ್‌ಟಾಪ್ ಯಾವ ಬ್ಯಾಂಡಿನಲ್ಲಿದೆ, ಅಂದರೆ ಯಾವ ರೇಡಿಯೋ ಆವರ್ತನ ಬಳಸುತ್ತಿದೆ ಎಂದು ಕಾಣುತ್ತದೆ. ನಮ್ಮ ರೂಟರ್ 2.4 ಮತ್ತು 5 ಗಿಗಾಹರ್ಟ್ಸ್ ಎರಡನ್ನೂ ಒಂದೇ ಹೆಸರಲ್ಲಿ ಕೊಡುತ್ತಿತ್ತು. 5 ವೇಗದ್ದು, ಆದರೆ ಗೋಡೆ ದಾಟುವ ತಾಕತ್ತು ಕಡಿಮೆ. ನಮ್ಮ ಮನೆಯ ಗೋಡೆಗಳೋ ಒಂದೂವರೆ ಅಡಿ ದಪ್ಪ. ಕೋಣೆಯ ಬಾಗಿಲು ತೆರೆದಿದ್ದರೆ 5, ಹಾಕಿಕೊಂಡರೆ ಲ್ಯಾಪ್‌ಟಾಪ್ ಸದ್ದಿಲ್ಲದೆ 2.4ಕ್ಕೆ ಇಳಿಯುತ್ತಿತ್ತು. ಹುಡುಗ ಬಂದಾಗ ಬಾಗಿಲು ತೆರೆದೇ ಇರುತ್ತಿತ್ತಲ್ಲ!

ಆದರೆ 4 ಯಾಕೆ? ಅಲ್ಲಿ ಒಂದು ವಾರ ಹಾಳಾಯಿತು. ಮೈಕ್ರೋವೇವ್ ಓವನ್ ಕೂಡ ಹೆಚ್ಚುಕಮ್ಮಿ ಅದೇ 2.4ರಲ್ಲೇ ಕೆಲಸ ಮಾಡುತ್ತದೆ ಎಂದು ಓದಿ ಅತ್ತೆಗೆ ಓವನ್ ಮುಟ್ಟಬೇಡಿ ಎಂದೆ. ಏನೂ ಬದಲಾಗಲಿಲ್ಲ. ಅತ್ತೆ ಮಾತ್ರ ಎರಡು ದಿನ ಮುನಿಸಿಕೊಂಡರು.

ಕೊನೆಗೆ ಕೈಹಿಡಿದದ್ದು ವಿಂಡೋಸಿನ ಕಮಾಂಡ್ ಪ್ರಾಂಪ್ಟಿನಲ್ಲಿ ಟೈಪ್ ಮಾಡುವ ಪಿಂಗ್. ಅದು ಇನ್ನೊಂದು ಯಂತ್ರಕ್ಕೆ ಸಣ್ಣ ಸಂದೇಶ ಕಳಿಸಿ, ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತು ಎಂದು ತೋರಿಸುತ್ತದೆ. ಎರಡು ಕಿಟಕಿ ತೆರೆದು ಒಂದರಲ್ಲಿ ನಮ್ಮ ರೂಟರಿನ ವಿಳಾಸ 192.168.1.1ಕ್ಕೆ, ಇನ್ನೊಂದರಲ್ಲಿ ಹೊರಗಿನ ಗೂಗಲ್ ಸರ್ವರ್ 8.8.8.8ಕ್ಕೆ ನಿಲ್ಲದೆ ಪಿಂಗ್ ಹಾಕಿಟ್ಟೆ. ರೂಟರ್ ಚೆನ್ನಾಗಿ ಉತ್ತರಿಸಿ ಹೊರಗಿನದು ಮಾತ್ರ ತೊದಲಿದರೆ ತಪ್ಪು ರೂಟರಿನಿಂದ ಆಚೆಗೆ. ರೂಟರೇ ತೊದಲಿದರೆ ಮನೆಯೊಳಗೆ. 2 ಮಿಲಿಸೆಕೆಂಡಿನಲ್ಲಿ ಉತ್ತರ ಕೊಡುತ್ತಿದ್ದ ರೂಟರ್ ಇದ್ದಕ್ಕಿದ್ದಂತೆ 400, 900 ಎನ್ನತೊಡಗಿತು, ನಡುನಡುವೆ 'ರಿಕ್ವೆಸ್ಟ್ ಟೈಮ್ಡ್ ಔಟ್'. ಅಲ್ಲಿಗೆ ಕಂಪನಿಯ ತಪ್ಪಲ್ಲ ಎಂದಾಯಿತು.

ಅದೇ ಹೊತ್ತಿಗೆ ವೈರ್‌ಲೆಸ್ ಮೌಸ್ ಕೂಡ ತಡವರಿಸುತ್ತಿತ್ತು. ಬಾಣ ಒಂದು ಕಡೆ ನಿಂತು, ಆಮೇಲೆ ಇನ್ನೆಲ್ಲಿಗೋ ಜಿಗಿಯುತ್ತಿತ್ತು. ಸೆಲ್ ಮುಗಿದಿರಬೇಕೆಂದು ಹೊಸದು ಹಾಕಿದೆ. ಊಹೂಂ. ಬೇಜಾರಾಗಿ, ಇವತ್ತು ಸಾಕು ಅಂತ ಹಾರ್ಡ್‌ಡಿಸ್ಕ್ ಕಿತ್ತೆ. ಬಾಣ ಎಣ್ಣೆ ಹಚ್ಚಿದಂತೆ ಜಾರಿತು. ಪಿಂಗ್ ಕಿಟಕಿ ನೋಡಿದರೆ 2, 2, 3, 2. ಮತ್ತೆ ಚುಚ್ಚಿದೆ: 600. ಕಿತ್ತೆ: 2. ಮಗುವಿನ ಹಾಗೆ ಹತ್ತು ಸಲ ಚುಚ್ಚಿ ಕಿತ್ತು ನೋಡಿದೆ.

ಹಾರ್ಡ್‌ಡಿಸ್ಕ್ ಚುಚ್ಚುವ ವೇಗದ ಜೋಡಣೆ ಯುಎಸ್‌ಬಿ 3ರಲ್ಲಿ ಡೇಟಾ ಹರಿಯುವಾಗ ಕೇಬಲಿನಿಂದ, ಅದರ ಮೂತಿಯಿಂದ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ರೇಡಿಯೋ ಗದ್ದಲ ಸೋರುತ್ತದೆ. ಚಿಪ್ ಕಂಪನಿ ಇಂಟೆಲ್ 2012ರಲ್ಲೇ ಈ ಬಗ್ಗೆ ವರದಿ ಬರೆದಿದೆ, ವೈರ್‌ಲೆಸ್ ಮೌಸಿನ ತೊಂದರೆಯೂ ಅದರಲ್ಲಿದೆ. ಅಪ್‌ಲೋಡ್ ಮಾಡುವಾಗಲೆಲ್ಲ ಫೋಟೋ ಇರುವ ಡಿಸ್ಕ್ ಪಕ್ಕದಲ್ಲೇ ಓಡುತ್ತಿರಬೇಕು. ಹುಡುಗ ಬಂದಾಗ ಮಾತ್ರ ಗ್ರಾಹಕರ ಡಿಸ್ಕು ಕಿತ್ತು ಬೀರುವಿನಲ್ಲಿಡುವುದು ನನ್ನದೇ ಅಭ್ಯಾಸ. ಎಲ್ಲ ಡಿಸ್ಕೂ ಹೀಗಲ್ಲ. ಕೇಬಲಿನ ಕವಚ ಗಟ್ಟಿಯಿದ್ದರೆ ಸಮಸ್ಯೆ ತೀರಾ ಕಡಿಮೆ. ನನ್ನ ಮೂರು ಕೇಬಲುಗಳಲ್ಲಿ ಒಂದು, ಅದೂ ತೀರಾ ಅಗ್ಗದ್ದು, ಎಲ್ಲರನ್ನೂ ಆಟ ಆಡಿಸಿತ್ತು. ಅದನ್ನು ಬಿಸಾಕಿ ಡಿಸ್ಕನ್ನು ಲ್ಯಾಪ್‌ಟಾಪಿನಿಂದ ಮೊಳದಷ್ಟು ದೂರ ಇಟ್ಟೆ. ರೂಟರಿನಲ್ಲಿ ಎರಡು ಬ್ಯಾಂಡಿಗೂ ಬೇರೆ ಬೇರೆ ಹೆಸರು ಕೊಟ್ಟು, ಅದನ್ನು ಟಿವಿ ಹಿಂದಿನಿಂದ ಎತ್ತಿ ನಡುಮನೆಯ ಬಾಗಿಲ ಮೇಲಿನ ಸಜ್ಜಕ್ಕೆ ಏರಿಸಿದೆ.

ಆಮೇಲೂ ಸಮಾಧಾನವಾಗದೆ, ವೈಫೈ ಬೇಡವೆಂದು ರೂಟರಿನಿಂದ ಲ್ಯಾಪ್‌ಟಾಪಿಗೆ ನೇರವಾಗಿ ಲ್ಯಾನ್ ಕೇಬಲ್ ಎಳೆಸಿದೆ. ಅದರಲ್ಲಿ 94ರ ಮೇಲೆ ಹೋಗಲೊಲ್ಲದು. ಲಿಂಕ್ ಸ್ಪೀಡ್, ಅಂದರೆ ಕೇಬಲಿನ ಎರಡು ತುದಿಯ ಯಂತ್ರಗಳು ಒಪ್ಪಿಕೊಂಡ ವೇಗ, ನೋಡಿದರೆ 100. ಗಿಗಾಬಿಟ್, ಅಂದರೆ 1000 ಬೇಕೆಂದರೆ ಕೇಬಲಿನ 8 ತಂತಿಯೂ ಸರಿಯಾಗಿ ಕೂತಿರಬೇಕು, 100ಕ್ಕೆ 4 ಸಾಕು. ಎಳೆದವನು ತುದಿಯ ಕ್ಲಿಪ್ಪಿನಲ್ಲಿ ಕಂದು ಬಣ್ಣದ ತಂತಿಯನ್ನು ಒತ್ತಿಯೇ ಇರಲಿಲ್ಲ. ಕ್ಲಿಪ್ ಬದಲಿಸಿದ ಮೇಲೆ 148.

ಮೌಸಿನಿಂದ ತೆಗೆದ ಹಳೇ ಸೆಲ್ಲನ್ನು ಅತ್ತೆ ಗೋಡೆ ಗಡಿಯಾರಕ್ಕೆ ಹಾಕಿದ್ದಾರೆ. ಇನ್ನೂ ಓಡುತ್ತಿದೆ.