ಕಾಣದ ದೇವರ ಸನ್ನಿಧಿಯಲ್ಲಿ ದಿನ ಕಳೆಯುವ ಅಭ್ಯಾಸ

ದೇವರು ಸದಾ ನಮ್ಮೊಂದಿಗಿದ್ದಾನೆ ಎಂಬುದನ್ನು ಕ್ರೈಸ್ತ ವಿಶ್ವಾಸಿಗಳೆಲ್ಲರೂ ಒಪ್ಪುತ್ತಾರೆ. ಆದರೆ ಬೆಳಗಿನ ಪ್ರಾರ್ಥನೆ ಮುಗಿಸಿ ಎದ್ದ ಮೇಲೆ ಅನೇಕರಿಗೆ ಆ ಸತ್ಯ ರಾತ್ರಿಯವರೆಗೆ ನೆನಪಿಗೇ ಬರುವುದಿಲ್ಲ. ಕೆಲಸ, ಓಡಾಟ, ಮಾತುಕತೆಗಳ ನಡುವೆಯೂ ಆ ಸನ್ನಿಧಿಯ ಕಡೆಗೆ ಮನಸ್ಸನ್ನು ತಿರುಗಿಸಿಕೊಳ್ಳುವ ರೂಢಿಯನ್ನು ಯಾರು ಬೇಕಾದರೂ ಬೆಳೆಸಿಕೊಳ್ಳಬಹುದು. ನಮ್ಮ ಪ್ರಯತ್ನದಿಂದ ದೇವರನ್ನು ಹತ್ತಿರಕ್ಕೆ ಬರಮಾಡಿಕೊಳ್ಳಬೇಕಾಗಿಲ್ಲ ಎಂಬುದನ್ನು ಮೊದಲೇ ಮನಗಾಣಬೇಕು. ಯುಗದ ಸಮಾಪ್ತಿಯವರೆಗೂ ಎಲ್ಲ ದಿನಗಳಲ್ಲಿಯೂ ನಿಮ್ಮ ಸಂಗಡ ಇರುತ್ತೇನೆಂದು ಯೇಸು ಸ್ವಾಮಿ ಶಿಷ್ಯರಿಗೆ ಮಾತು ಕೊಟ್ಟಿದ್ದಾನೆ. ಆ ಮಾತನ್ನು ನಂಬಿ ಗಮನ ಕೊಡುವುದಷ್ಟೇ ನಮ್ಮ ಪಾಲಿನದು.

ಹೊಸ ಸಮಯವನ್ನು ಹುಡುಕುವ ಬದಲು, ದಿನವೂ ಮಾಡಲೇಬೇಕಾದ ಒಂದು ಕೆಲಸವನ್ನು ಆರಿಸಿಕೊಳ್ಳಿ. 17ನೇ ಶತಮಾನದಲ್ಲಿ ಪ್ಯಾರಿಸ್ಸಿನಲ್ಲಿ ಕಾರ್ಮೆಲೈಟ್ ಎಂಬ ಕಥೋಲಿಕ ಸನ್ಯಾಸಿ ಸಂಘದ ಮಠವೊಂದರ ಅಡುಗೆಮನೆಯಲ್ಲಿ ವರ್ಷಗಟ್ಟಲೆ ದುಡಿದು 1691ರಲ್ಲಿ ತೀರಿಕೊಂಡ ಸಹೋದರ ಲಾರೆನ್ಸ್ ಅವರಿಗೆ ಆ ಕೆಲಸ ಸ್ವಭಾವತಃ ಹಿಡಿಸುತ್ತಿರಲಿಲ್ಲ. ಆದರೂ ದೇವರ ಮೇಲಿನ ಪ್ರೀತಿಗಾಗಿ ಅದನ್ನು ಮಾಡುತ್ತಾ, ಕೆಲಸದ ಹೊತ್ತಿಗೂ ಪ್ರಾರ್ಥನೆಯ ಹೊತ್ತಿಗೂ ವ್ಯತ್ಯಾಸವೇ ಉಳಿಯದ ಸ್ಥಿತಿಯನ್ನು ಅವರು ತಲುಪಿದರು. ಪಾತ್ರೆ ತೊಳೆಯುವ ಹೊತ್ತನ್ನು ನೀವು ಆರಿಸಿಕೊಂಡಿದ್ದೀರಿ ಎನ್ನೋಣ. ನಲ್ಲಿ ತಿರುಗಿಸುವ ಮೊದಲು ಒಂದು ಕ್ಷಣ ನಿಂತು, "ಕರ್ತನೇ, ನೀನು ಇಲ್ಲಿದ್ದೀ" ಎಂದು ಹೇಳಿ ಕೆಲಸ ಆರಂಭಿಸಿ. ಎರಡನೆಯ ತಟ್ಟೆ ಕೈಗೆ ಬರುವಷ್ಟರಲ್ಲಿ ಮನಸ್ಸು ನಿನ್ನೆಯ ಜಗಳಕ್ಕೆ ಹೋಗಿರುತ್ತದೆ. ಆಗ ನಿಮ್ಮನ್ನು ನೀವೇ ಗದರಿಕೊಳ್ಳಬೇಡಿ. ಜಗಳವಾಡಿದವರ ಹೆಸರು ಹಿಡಿದು, ನಿಮಗಾದ ನೋವನ್ನೂ ನೀವಾಡಿದ ಕಟುಮಾತನ್ನೂ ಅಲ್ಲೇ ದೇವರಿಗೆ ತಿಳಿಸಿ, ಮತ್ತೆ ಕೈಯಲ್ಲಿರುವ ಕೆಲಸಕ್ಕೆ ಮರಳಿ. ಹೀಗೆ ಅಲೆದು ಹೋಗುವುದು, ಮರಳಿ ಬರುವುದು ಎಷ್ಟು ಸಲ ನಡೆದರೂ ಅದೆಲ್ಲವೂ ಪ್ರಾರ್ಥನೆಯೇ.

ಕೆಲಸದ ಒತ್ತಡದಲ್ಲಿ ಇಷ್ಟೂ ಸಾಧ್ಯವಾಗದಿದ್ದರೆ, ಉಸಿರಿನೊಂದಿಗೆ ಹೇಳಬಹುದಾದ ಒಂದು ಚಿಕ್ಕ ಮಾತು ಸಾಕು. ಪೂರ್ವದ ಆರ್ಥೊಡಾಕ್ಸ್ ಕ್ರೈಸ್ತ ಸಭೆಗಳಲ್ಲಿ ಶತಮಾನಗಳಿಂದ ಬಳಕೆಯಲ್ಲಿರುವ "ಕರ್ತನಾದ ಯೇಸು ಕ್ರಿಸ್ತನೇ, ದೇವಕುಮಾರನೇ, ಪಾಪಿಯಾದ ನನ್ನನ್ನು ಕರುಣಿಸು" ಎಂಬ ಪ್ರಾರ್ಥನೆ ಇದಕ್ಕೆ ಒಪ್ಪುತ್ತದೆ.

ರಾತ್ರಿ ಮಲಗುವ ಮುನ್ನ ಹತ್ತು ನಿಮಿಷ ದಿನವನ್ನು ಹಿಂದಿರುಗಿ ನೋಡಿ. 16ನೇ ಶತಮಾನದಲ್ಲಿ ಯೇಸುಸಭೆಯ (ಜೆಸ್ವಿಟ್ ಸಂಘದ) ಸ್ಥಾಪಕರಾದ ಲೊಯೊಲಾದ ಸಂತ ಇಗ್ನೇಷಿಯಸ್ ಕಲಿಸಿಕೊಟ್ಟ ಆತ್ಮಶೋಧನೆಯು ತಪ್ಪುಗಳ ಲೆಕ್ಕದಿಂದ ಶುರುವಾಗದೆ ಕೃತಜ್ಞತೆಯಿಂದ ಶುರುವಾಗುತ್ತದೆ. ಈ ಕ್ರಮವನ್ನು ಬದಲಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೊದಲು ಸ್ತೋತ್ರ ಸಲ್ಲಿಸಿ, ಬೆಳಕಿಗಾಗಿ ಬೇಡಿ, ದಿನದ ಒಂದೊಂದು ಭೇಟಿಯನ್ನೂ ನೆನೆದು, ತಪ್ಪಿದ್ದಲ್ಲಿ ಕ್ಷಮೆ ಕೇಳಿ, ನಾಳೆಯ ದಿನವನ್ನು ಒಪ್ಪಿಸಿಕೊಡಿ. ಎಮ್ಮಾಹು ಎಂಬ ಹಳ್ಳಿಯ ದಾರಿಯಲ್ಲಿ ಶಿಷ್ಯರಿಬ್ಬರು, ಜೊತೆಯಲ್ಲಿ ನಡೆದವನು ಪುನರುತ್ಥಾನಗೊಂಡ ಯೇಸುವೇ ಎಂದು ಗುರುತಿಸಲಿಲ್ಲ. ಆತನು ರೊಟ್ಟಿ ಮುರಿದಾಗ ಅವರ ಕಣ್ಣು ತೆರೆಯಿತು, ದಾರಿಯಲ್ಲಿ ತಮ್ಮ ಹೃದಯ ಕುದಿದದ್ದು ನೆನಪಾದದ್ದು ಆಮೇಲೆ. ನಮಗೂ ಆತನ ಗುರುತು ಸಿಗುವುದು ಬಹಳ ಸಲ ಹೀಗೆ ಹಿಂದಿರುಗಿ ನೋಡಿದಾಗಲೇ.

ಇಷ್ಟೆಲ್ಲ ಮಾಡಿಯೂ ಏನೂ ಅನಿಸದ ದಿನಗಳು ಬರುತ್ತವೆ. ಅನೇಕರು ಈ ಅಭ್ಯಾಸವನ್ನು ಕೈಬಿಡುವುದು ಅಲ್ಲಿಯೇ. ಸನ್ನಿಧಿಯ ಅನುಭವವೇ ಸನ್ನಿಧಿಯಲ್ಲ. 2007ರಲ್ಲಿ ಪ್ರಕಟವಾದ ಮದರ್ ತೆರೇಸಾ ಅವರ ಖಾಸಗಿ ಪತ್ರಗಳಿಂದ, ಅವರು ದಶಕಗಳ ಕಾಲ ದೇವರ ಸಾಮೀಪ್ಯದ ಅನುಭವವಿಲ್ಲದೆಯೇ ಪ್ರಾರ್ಥಿಸುತ್ತಾ, ಬಡವರ ಸೇವೆ ಮಾಡುತ್ತಾ ಇದ್ದರೆಂದು ಲೋಕಕ್ಕೆ ತಿಳಿಯಿತು. ಬೈಬಲಿನ 88ನೆಯ ಕೀರ್ತನೆಯಂತೂ ಸಮಾಧಾನದ ಒಂದು ನುಡಿಯೂ ಇಲ್ಲದೆ ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಆ ಮೊರೆ ಮೊದಲಿನಿಂದ ಕೊನೆಯವರೆಗೂ ದೇವರನ್ನೇ ಉದ್ದೇಶಿಸಿದ್ದು. ಅಂಥ ದಿನಗಳಲ್ಲಿ ಪ್ರಾರ್ಥನೆಯನ್ನು ಚಿಕ್ಕದು ಮಾಡಿಕೊಳ್ಳಿ, ಆದರೆ ಹೊತ್ತು ತಪ್ಪಿಸಬೇಡಿ. ಬಲವಂತವಾಗಿ ಭಾವನೆ ಬರಿಸಿಕೊಳ್ಳಬೇಡಿ. ಸ್ವಂತ ಮಾತು ಹೊರಡದಿದ್ದರೆ ಆ ಕೀರ್ತನೆಯನ್ನೇ ಗಟ್ಟಿಯಾಗಿ ಓದಿ. ನಿದ್ದೆ, ಊಟ, ಕೆಲಸ ಎಲ್ಲವೂ ವಾರಗಟ್ಟಲೆ ಬೇಡವೆನಿಸಿದರೆ ವೈದ್ಯರನ್ನೂ ಕಾಣಿ, ಅದು ಅವಿಶ್ವಾಸವಲ್ಲ. ಇನ್ನು ಮನಸ್ಸಿನಲ್ಲಿ ಮೂಡಿದ್ದೆಲ್ಲ ದೇವರ ಸ್ವರವೇ ಎಂದು ಭಾವಿಸದೆ, ದೊಡ್ಡ ನಿರ್ಧಾರಗಳನ್ನು ದೇವರ ವಾಕ್ಯದೊಂದಿಗೆ ಹೋಲಿಸಿ ನೋಡಿ. ವಿಶ್ವಾಸದಲ್ಲಿ ಪಳಗಿದ ಹಿರಿಯರೊಬ್ಬರೊಡನೆಯೂ ಮಾತನಾಡಿ.

ಈ ಅಭ್ಯಾಸ ಒಬ್ಬರೇ ಕೂತು ನಡೆಸುವುದಕ್ಕೆ ಸೀಮಿತವಾಗಬಾರದು. ಸಭೆಯೊಂದಿಗೆ ಆರಾಧನೆಯಲ್ಲಿಯೂ ಪ್ರಭುಭೋಜನದಲ್ಲಿಯೂ ಪಾಲುಗೊಳ್ಳಿ. ಹಸಿದವರಿಗೆ, ರೋಗಿಗಳಿಗೆ, ಸೆರೆಯಲ್ಲಿದ್ದವರಿಗೆ ಮಾಡಿದ್ದು ತನಗೇ ಮಾಡಿದ್ದು ಎಂದು ಕ್ರಿಸ್ತನು ಹೇಳಿರುವುದರಿಂದ, ಪ್ರತಿ ವಾರ ಅಂಥ ಒಬ್ಬರನ್ನಾದರೂ ಹೋಗಿ ಕಾಣಲು ದಿನ ಗೊತ್ತುಮಾಡಿಕೊಳ್ಳಿ. ಅವರ ಬಾಗಿಲು ತಟ್ಟುವ ಮೊದಲು, ಪಾತ್ರೆ ತೊಳೆಯುವಾಗ ಹೇಳಿದ ಅದೇ ಮಾತನ್ನು ಹೇಳಿ ಒಳಗೆ ಹೋಗಿ.