ಹಳೇ ಕಾರಿಗೆ ಕಟ್ಟರ್ ಹಚ್ಚುವ ಮುನ್ನ

ಅಪ್ಪನ 1977ರ ಪ್ರೀಮಿಯರ್ ಪದ್ಮಿನಿ ಮಲ್ಲೇಶ್ವರದ ಮನೆಯ ಪೋರ್ಟಿಕೋದಲ್ಲಿ ಏಳು ವರ್ಷ ಹೊದಿಕೆಯ ಕೆಳಗೇ ನಿಂತಿತ್ತು. ಅದನ್ನು ಮತ್ತೆ ರಸ್ತೆಗಿಳಿಸೋಣ ಎಂದು ಹೊರಟಾಗ ಮನೆಯಲ್ಲಿ ಎರಡು ಪಕ್ಷವಾಯಿತು. ಅಗಲವಾದ ಚಕ್ರ ಹಾಕಬೇಕು, ಅದಕ್ಕಾಗಿ ಮಡ್‌ಗಾರ್ಡ್ ಅಂಚು ಕತ್ತರಿಸಿ ಹೊರಕ್ಕೆ ಉಬ್ಬಿಸಬೇಕು, ಕ್ರೋಮ್ ಬಂಪರ್ ತೆಗೆಸಬೇಕು ಎಂದ ತಮ್ಮ. ಹೇಗಿತ್ತೋ ಹಾಗೇ ಇರಲಿ ಎಂದೆ ನಾನು. ‘ಒಂದಿಂಚು ತಗಡು ಹೋದರೆ ಏನಾಗುತ್ತೆ ಅಕ್ಕ?’ ಎಂದು ಅವನು ಕೇಳಿದ್ದಕ್ಕೆ ಅವತ್ತು ನನ್ನ ಬಳಿ ಸರಿಯಾದ ಉತ್ತರವಿರಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಗ್ಯಾರೇಜಿಗೆ ಅಲೆದು, ಒಂದು ತಪ್ಪನ್ನೂ ಮಾಡಿಸಿಕೊಂಡು, ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಸವನಗುಡಿಯಲ್ಲೋ ಜಯನಗರದಲ್ಲೋ ಹಳೇ ಮನೆ ಕೆಡವುವ ಹೊತ್ತಿಗೆ ಷೆಡ್ಡಿನ ಕಾರಿನ ಹಣೆಬರಹವೂ ವಾರದೊಳಗೆ ತೀರ್ಮಾನವಾಗಿಬಿಡುತ್ತದೆ. ದಯವಿಟ್ಟು ಅಷ್ಟು ಅವಸರ ಮಾಡಬೇಡಿ.

ಉಳಿದಿರುವುದೇನು, ನೋಡಿಕೊಳ್ಳಿ

ಮೂಲರೂಪ ಉಳಿಸಬೇಕೋ ಬೇಡವೋ ಎನ್ನುವ ಮೊದಲು ಮೂಲರೂಪ ಎಷ್ಟು ಉಳಿದಿದೆ ಎಂದು ಗೊತ್ತಿರಬೇಕು. ಗಾಡಿ ತೊಳೆದು, ಒಣಗಿಸಿ, ಬೆಳಗಿನ ಬಿಸಿಲಿಗೆ ನಿಲ್ಲಿಸಿ. ಒಂದೇ ಒಂದು ಸ್ಕ್ರೂ ಬಿಚ್ಚುವ ಮೊದಲು ಎಲ್ಲ ಮಗ್ಗುಲಿನಿಂದಲೂ ಫೋಟೊ ತೆಗೆದಿಡಿ. ಬಾಗಿಲು, ಬಾನೆಟ್, ಡಿಕ್ಕಿಯ ಸಂದುಗಳನ್ನು ಹತ್ತಿರದಿಂದ ತೆಗೆಯಿರಿ. ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ, ಹಿಂದೆಂದೋ ಪೆಟ್ಟು ಬಿದ್ದಿದೆ ಅಥವಾ ಕೆಳಗಿನ ತಗಡು ಕುಸಿದಿದೆ ಎಂದು ಅನುಮಾನಿಸಿ.

ಆಮೇಲೆ ಒಂದು ಚಿಕ್ಕ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಡಿಯುದ್ದಕ್ಕೂ ಆಡಿಸಿ. ತಗಡಿದ್ದ ಕಡೆ ಅಂಟುತ್ತದೆ, ದಪ್ಪ ಪುಟ್ಟಿ ಇದ್ದ ಕಡೆ ಜಾರಿಬಿಡುತ್ತದೆ. ಚಕ್ರದ ಮೇಲಿನ ಕಮಾನು, ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ, ಗ್ಯಾರೇಜಿನವರು ಸಿಲ್ ಎನ್ನುವ ಭಾಗ, ಬ್ಯಾಟರಿಯ ಅಡಿ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ, ಇವುಗಳನ್ನು ಎರಡೆರಡು ಸಲ ನೋಡಿ. ಬೆಂಗಳೂರಿನಲ್ಲಿ ಕಡಲ ಉಪ್ಪುಗಾಳಿಯಿಲ್ಲ, ನಿಜ. ಆದರೆ ಮರದ ಕೆಳಗೆ ನಿಂತ ಗಾಡಿಯ ಬಾಗಿಲೊಳಗೆ ಎಲೆ, ದೂಳು ಇಳಿದು ನೀರು ಹೋಗುವ ತೂತುಗಳನ್ನು ಮುಚ್ಚುತ್ತವೆ. ಮುಂಗಾರಿನ ನೀರು ಅಲ್ಲೇ ನಿಂತು ತಗಡನ್ನು ಒಳಗಿನಿಂದ ತಿನ್ನುತ್ತದೆ. ಬಾಗಿಲಿನ ಕೆಳ ಅಂಚಿಗೆ ಒಂದು ತಂತಿ ತೂರಿಸಿ ನೋಡಿದರೆ ಗೊತ್ತಾಗುತ್ತದೆ. ನಮ್ಮ ಗಾಡಿಯಿಂದ ಒಂದು ಹಿಡಿ ಕಪ್ಪು ಗೊಬ್ಬರವೇ ಬಂತು.

ನಮ್ಮ ಅಯಸ್ಕಾಂತ ಜಾರಿದ್ದು ಎಡಗಡೆಯ ಸಿಲ್ ಮೇಲೆ. ಟಿಂಕರಿಂಗ್ ಮೇಸ್ತ್ರಿ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದರು. ಹೊರಗೆ ನಯವಾಗಿ ಹೊಳೆಯುತ್ತಿದ್ದ ಭಾಗ ಬಿಸ್ಕತ್ತಿನ ಹಾಗೆ ಮುರಿದು ಬಿತ್ತು. ಅದರ ಹಿಂದೆ ತಗಡೇ ಇರಲಿಲ್ಲ. ತುಕ್ಕು ಹಿಡಿದ ತೂತಿಗೆ ದಿನಪತ್ರಿಕೆಯನ್ನು ಮಡಿಚಿ ತುರುಕಿ, ಅದರ ಮೇಲೆ ಪುಟ್ಟಿ ಮೆತ್ತಿದ್ದರು. ಕಾಗದ ಕಂದಾಗಿತ್ತು, ಸಿನಿಮಾ ಜಾಹೀರಾತಿನ ಅರ್ಧ ಅಕ್ಷರಗಳು ಇನ್ನೂ ಓದುವಂತಿದ್ದವು. ‘ಮೊದಲು ಇದನ್ನ ನೋಡಿ, ಆಮೇಲೆ ಅಗಲ ಚಕ್ರದ ಮಾತು’ ಎಂದರು ಮೇಸ್ತ್ರಿ. ತಮ್ಮ ಮರುಮಾತಾಡಲಿಲ್ಲ.

ಅವರು ಹಾಗೆ ಹೇಳಿದ್ದಕ್ಕೆ ಕಾರಣವಿದೆ. ಪದ್ಮಿನಿಗಾಗಲಿ ಅಂಬಾಸಿಡರ್‌ಗಾಗಲಿ ಬೇರೆಯಾಗಿ ಚಾಸಿ, ಅಂದರೆ ಬಾಡಿಯನ್ನು ಹೊರುವ ಅಡಿ ಚೌಕಟ್ಟು, ಇಲ್ಲ. ಬಾಡಿಯೇ ಅದರ ಎಲುಬು. ನೆಲದ ತಗಡು, ಸಿಲ್, ಕಂಬಗಳು ಒಟ್ಟಾಗಿ ಭಾರ ಹೊರುತ್ತವೆ. ಅಲ್ಲಿ ಕತ್ತರಿಸುವುದು ಮನೆಯ ತೊಲೆ ಕತ್ತರಿಸಿದಂತೆ. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕತೆ ಬೇರೆ: ಅದಕ್ಕೆ ಪ್ರತ್ಯೇಕ ಚಾಸಿ ಉಂಟು, ಬಾಡಿಯ ಭಾಗಗಳು ಬೋಲ್ಟ್ ಮೇಲೆ ಕೂತಿವೆ, ಬಾನೆಟ್ಟು ಮಡ್‌ಗಾರ್ಡ್ ಸಮೇತ ಮುಂದಕ್ಕೆ ಬಾಗುತ್ತದೆ. ಹಾಗಾಗಿ ಗೆಳೆಯರ ಹೆರಾಲ್ಡ್‌ಗೆ ಒಪ್ಪಿದ ಕೆಲಸ ನಿಮ್ಮ ಪದ್ಮಿನಿಗೂ ಒಪ್ಪುತ್ತದೆ ಎಂದುಕೊಳ್ಳಬೇಡಿ.

ಡಿಕ್ಕಿಯ ಮ್ಯಾಟ್ ಕೆಳಗೆ, ಬಾಗಿಲ ರಬ್ಬರ್ ಹಿಂದೆ, ಡ್ಯಾಶ್‌ಬೋರ್ಡ್ ಒಳಗೆ ಮೊದಲ ಬಣ್ಣ ಉಳಿದಿರುತ್ತದೆ. ನಾವು ಹುಟ್ಟಿದಾಗಿನಿಂದ ಕೆನೆಬಣ್ಣದ್ದೆಂದು ತಿಳಿದಿದ್ದ ಗಾಡಿ ಮೊದಲು ತಿಳಿನೀಲಿಯಾಗಿತ್ತು.

ಕಾಗದ ತೆಗೆಯಿರಿ

ಆರ್‌ಸಿಯಲ್ಲಿ ಮೊದಲ ನೋಂದಣಿಯ ದಿನಾಂಕ ನೋಡಿ. ಚಾಸಿ ನಂಬರ್, ಎಂಜಿನ್ ನಂಬರ್ ಗಾಡಿಯ ಮೇಲಿರುವುದಕ್ಕೆ ತಾಳೆಯಾಗುತ್ತದೆಯೇ ಪರೀಕ್ಷಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಬಣ್ಣ ಬದಲಾದರೆ ಆರ್‌ಸಿಯಲ್ಲೂ ಬದಲಾಗಬೇಕು. ‘ಎಲ್ಲರೂ ಮಾಡಿಸ್ತಾರೆ’ ಎಂಬ ಗ್ಯಾರೇಜಿನ ಮಾತು ತಪಾಸಣೆಯ ದಿನ ನಿಮ್ಮ ಜೊತೆಗೆ ಬರುವುದಿಲ್ಲ.

ಇನ್ನೊಂದು ಸಂಗತಿ ಬಹಳ ಜನರ ಗಮನಕ್ಕೆ ಬಂದಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರು, ಬೈಕುಗಳನ್ನು ವಿಂಟೇಜ್ ವಾಹನ ಎಂದು ನೋಂದಾಯಿಸಬಹುದು. ಹೊಸದಾಗಿ ನೋಂದಾಯಿಸುವುದಕ್ಕೆ ಅಂದು ಗೊತ್ತುಮಾಡಿದ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆಗಲೇ ನೋಂದಣಿಯಾಗಿರುವ ಗಾಡಿ ತನ್ನ ಹಳೇ ನಂಬರನ್ನೇ ಇಟ್ಟುಕೊಳ್ಳಬಹುದು. ‘ಎಂವೈ’ ಎಂದು ಶುರುವಾಗುವ ಮೈಸೂರು ರಾಜ್ಯದ ನಂಬರ್ ಇರುವವರಿಗೆ ಇದು ಸಣ್ಣ ಮಾತಲ್ಲ. ಆದರೆ ಷರತ್ತಿದೆ: ಗಾಡಿ ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ ಶೆಲ್ ಅಥವಾ ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ನಮ್ಮ ಪದ್ಮಿನಿಗೆ 2027ಕ್ಕೆ 50 ತುಂಬುತ್ತದೆ. ಅದರ ಹೊಸ್ತಿಲಲ್ಲಿ ನಿಂತು ಬಾಡಿ ಕತ್ತರಿಸುವುದು ಎಂಥ ನಷ್ಟ, ನೀವೇ ಯೋಚಿಸಿ. ದಿನಾ ಆಫೀಸಿಗೆ ಓಡಿಸುವ ಆಸೆಯಿದ್ದವರು ಮಾತ್ರ ಒಂದು ವಿಷಯ ತಿಳಿದಿರಲಿ: ವಿಂಟೇಜ್ ನೋಂದಣಿಯ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ ಮುಂತಾದ ಕೆಲಸಕ್ಕಷ್ಟೇ ರಸ್ತೆಗೆ ತರಬಹುದು.

ಪಟ್ಟಿಯನ್ನು ಎರಡು ಭಾಗ ಮಾಡಿ

ಮನೆಯವರೆಲ್ಲರ ಆಸೆಗಳನ್ನೂ ಒಂದು ಹಾಳೆಯ ಮೇಲೆ ಬರೆಯಿರಿ. ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆ ಹಾಕಿ: ಇದಕ್ಕೆ ಸ್ಪ್ಯಾನರ್ ಸಾಕೋ, ಕಟ್ಟರ್ ಬೇಕೋ? ಬಂಪರ್ ಬಿಚ್ಚುವುದು, ಕನ್ನಡಿ ಬದಲಿಸುವುದು, ಗ್ರಿಲ್ ಬದಲಿಸುವುದು ಸ್ಪ್ಯಾನರ್ ಕೆಲಸ. ನಾಳೆ ಮನಸ್ಸು ಬದಲಾದರೆ ಒಂದು ಮಧ್ಯಾಹ್ನದಲ್ಲಿ ಮತ್ತೆ ಮೊದಲಿನಂತಾಗುತ್ತದೆ. ಮಡ್‌ಗಾರ್ಡ್ ಅಂಚು ಕತ್ತರಿಸುವುದು, ಛಾವಣಿ ತಗ್ಗಿಸುವುದು, ಸ್ಟೀರಿಯೊಗೆಂದು ಡ್ಯಾಶ್‌ಬೋರ್ಡ್ ಕೊರೆಯುವುದು ಕಟ್ಟರ್ ಕೆಲಸ. ಇವನ್ನು ಒಂದು ವರ್ಷ ಮುಂದಕ್ಕೆ ಹಾಕಿ ಎಂಬುದು ನನ್ನ ಸಲಹೆ. ಆ ವರ್ಷ ಗಾಡಿಯನ್ನು ಇದ್ದ ಹಾಗೇ ಓಡಿಸಿ. ಸ್ಪ್ಯಾನರ್ ಕೆಲಸವಾದರೂ ಆರ್‌ಸಿಯ ವಿವರಕ್ಕೆ ಹೊಂದುತ್ತದೆಯೇ ಎಂದು ಆರ್‌ಟಿಒದಲ್ಲಿ ಮೊದಲೇ ಕೇಳಿಕೊಳ್ಳಿ.

ತುಕ್ಕು ತಿಂದ ಸಿಲ್ ತೆಗೆದು, ಅದೇ ಆಕಾರದ, ಅದೇ ದಪ್ಪದ ತಗಡು ಕೂರಿಸುವುದು ಮಾರ್ಪಾಡಲ್ಲ, ರಿಪೇರಿ. ಅದಕ್ಕೆ ಹಿಂಜರಿಯಬೇಡಿ. ಸೀಟ್ ಬೆಲ್ಟ್‌ಗಾಗಿ ಕಂಬದಲ್ಲಿ ತೂತು ಕೊರೆದು ಒಳಗೆ ಬಲವಾದ ಪಟ್ಟಿ ಕೊಡಿಸುವುದನ್ನೂ ನಾನು ಒಪ್ಪುತ್ತೇನೆ. ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿಯಲ್ಲಿ ಮೂಲರೂಪಕ್ಕಿಂತ ಜೀವ ದೊಡ್ಡದು.

ಮಾರ್ಪಾಡು ತಪ್ಪೆನ್ನಲಾಗದ ಗಾಡಿಗಳೂ ಇವೆ. ಮದ್ರಾಸಿನ ಹತ್ತಿರದ ಷೋಲಾವರಂನಲ್ಲಿ ಕಾರ್ ರೇಸ್ ನಡೆಯುತ್ತಿದ್ದ ಕಾಲದಲ್ಲಿ ಓಡಿದ್ದೆಂದು ಫೋಟೊ, ಕಾಗದ ಇರುವ ಫಿಯಟ್ ಇದ್ದರೆ, ಅದರ ಕತ್ತರಿಸಿದ ಅಂಚೇ ಅದರ ಚರಿತ್ರೆ. ಅದನ್ನು ‘ಸರಿ’ ಮಾಡಿ ಶೋರೂಮ್ ಗಾಡಿಯಂತೆ ಮಾಡಬಾರದು. ಹಾಗೆಯೇ ನಾಲ್ಕು ಕೈ ದಾಟಿ, ಅರ್ಧ ಬಾಡಿ ಬೇರೆ ಗಾಡಿಯದಾಗಿ, ಮೂಲ ತಗಡು ಅಲ್ಪಸ್ವಲ್ಪ ಉಳಿದಿರುವ ಗಾಡಿ ಸಿಕ್ಕರೆ, ಕಾನೂನು ಬಿಟ್ಟಷ್ಟು ಜಾಗದಲ್ಲಿ ನಿಮ್ಮ ಕಲ್ಪನೆಗೆ ಅದನ್ನೇ ಬಳಸಿ. ಕೈ ತಾಗದ ಗಾಡಿಯನ್ನು ಅದಕ್ಕೆ ಬಲಿ ಕೊಡಬೇಡಿ.

ಗ್ಯಾರೇಜಿನಲ್ಲಿ

ನಮ್ಮ ತಪ್ಪು ಇಲ್ಲೇ ಆದದ್ದು. ಮೊದಲು ಒಪ್ಪಿಸಿದ್ದ ಗ್ಯಾರೇಜಿನಲ್ಲಿ ಮಾತು ಬಾಯಲ್ಲೇ ಮುಗಿದಿತ್ತು. ‘ಚಕ್ರ ತಾಗುತ್ತಾ ನೋಡಿ’ ಎಂದು ತಮ್ಮ ಹೇಳಿದ್ದನ್ನು ಕೇಳಿ, ನಾವು ಹೋಗುವಷ್ಟರಲ್ಲಿ ಮುಂದಿನ ಎಡ ಮಡ್‌ಗಾರ್ಡಿನ ಅಂಚನ್ನು ಗೇಣುದ್ದ ತೆಗೆದುಬಿಟ್ಟಿದ್ದರು. ಕತ್ತರಿಸಿದ ಚೂರು ಕಸದ ಡಬ್ಬದಲ್ಲಿತ್ತು. ಹಾಗಾಗಿ ಏನು ಮಾಡಬೇಕು ಎನ್ನುವುದರ ಜೊತೆ ಏನು ಮಾಡಬಾರದು ಎನ್ನುವುದನ್ನೂ ಬರೆದು ಕೊಡಿ, ಸಹಿ ಹಾಕಿಸಿ. ಮುಟ್ಟಬಾರದ ಭಾಗಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೇ ‘ಕತ್ತರಿಸಬೇಡಿ’ ಎಂದು ಬರೆಯಿರಿ.

ಸಿಲ್ ಬದಲಿಸುವಾಗ ಬಾಗಿಲಿನ ಚೌಕಟ್ಟಿಗೆ ಅಡ್ಡ ಕಂಬಿ ವೆಲ್ಡ್ ಮಾಡಿ ಬಿಗಿದ ಮೇಲೆಯೇ ಹಳೆಯದನ್ನು ಕತ್ತರಿಸಬೇಕು, ಒಂದು ಮಗ್ಗುಲು ಮುಗಿದ ಮೇಲೆ ಇನ್ನೊಂದು. ಇಲ್ಲವಾದರೆ ಬಾಡಿ ಬಾಗುತ್ತದೆ, ಆಮೇಲೆ ಬಾಗಿಲು ಕೂರುವುದಿಲ್ಲ. ಹೀಗೆ ಮಾಡುತ್ತೀರಾ ಎಂದು ಕೇಳಿ. ಉತ್ತರ ತಡವರಿಸಿದರೆ ಬೇರೆ ಮೇಸ್ತ್ರಿಯನ್ನು ಹುಡುಕಿ. ಬಿಚ್ಚಿದ ಬೀಡಿಂಗ್, ಬ್ಯಾಡ್ಜ್, ಹಿಡಿಕೆ ಯಾವುದನ್ನೂ ಅಲ್ಲಿ ಬಿಡಬೇಡಿ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಹುಡುಕಿದರೆ ಕೆಲವು ಸಿಗುತ್ತವೆ, ಆದರೆ ನಿಮ್ಮ ವರ್ಷದ್ದೇ ಸಿಗುತ್ತದೆ ಎಂದು ನೆಚ್ಚುವಂತಿಲ್ಲ.

ಕಸದ ಡಬ್ಬದಿಂದ ತಂದ ಆ ಚೂರನ್ನು ಎರಡನೇ ಮೇಸ್ತ್ರಿ ಕಲ್ಲಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿ ತಟ್ಟಿ ನೇರ ಮಾಡಿದರು, ಅದೇ ಜಾಗಕ್ಕೆ ವೆಲ್ಡ್ ಮಾಡಿದರು. ಒಳಗಡೆ ಕೈಯಾಡಿಸಿದರೆ ಈಗಲೂ ಗಂಟು ಸಿಗುತ್ತದೆ. ತಮ್ಮ ಮೊನ್ನೆ ಅಲ್ಲಿ ಬೆರಳಿಟ್ಟು ನೋಡಿ, ಅಗಲ ಚಕ್ರದ ಮುಂಗಡ ವಾಪಸು ತರುತ್ತೇನೆಂದು ಹೋದ.