ಕನ್ಸರ್ವೇಶನ್ ಏರಿಯಾದ ಹಿತ್ತಲಲ್ಲಿ ಈಜುಕೊಳ: ಇಂಗ್ಲೆಂಡಿನಲ್ಲಿ ಅನುಮತಿ ಪಡೆಯುವ ಬಗೆ

ಇಂಗ್ಲೆಂಡಿನಲ್ಲಿ ಹಳೆಯ ಮನೆ ಕೊಳ್ಳುವಾಗ ಸಾಲಿಸಿಟರ್ (ವಕೀಲರು) ಕಳಿಸುವ ಸರ್ಚ್ ವರದಿಯಲ್ಲಿ, ಎಂದರೆ ಸ್ವತ್ತಿನ ದಾಖಲೆಗಳ ತಪಾಸಣೆಯಲ್ಲಿ, ಕೆಲವೊಮ್ಮೆ ಒಂದು ಸಾಲು ಇರುತ್ತದೆ: ಈ ಸ್ವತ್ತು ಕನ್ಸರ್ವೇಶನ್ ಏರಿಯಾದೊಳಗಿದೆ. ಹಳೆಯ ಕಟ್ಟಡ, ಬೀದಿಗಳ ಲಕ್ಷಣ ಉಳಿಸಲೆಂದು ಕೌನ್ಸಿಲ್ (ಸ್ಥಳೀಯ ಆಡಳಿತ) ಗುರುತಿಸಿದ ಪ್ರದೇಶ ಅದು. ಆ ಸಾಲನ್ನು ಓದಿದವರಲ್ಲಿ ಎರಡು ಬಗೆ. ಇನ್ನು ಒಂದು ಮೊಳೆ ಹೊಡೆಯಲೂ ಕೌನ್ಸಿಲ್ ಅಪ್ಪಣೆ ಬೇಕು ಎಂದು ಕೈಬಿಡುವವರು ಕೆಲವರು; ನಮ್ಮ ಹಿತ್ತಲಲ್ಲಿ ನಾವು ಗುಂಡಿ ತೋಡಿದರೆ ಯಾರಿಗೇನು ಎಂದು ಡಿಗ್ಗರ್ ಕರೆಸುವವರು ಇನ್ನು ಕೆಲವರು. ಈಜುಕೊಳದ ವಿಷಯದಲ್ಲಿ ಇಬ್ಬರೂ ಎಡವುತ್ತಾರೆ. ಎಷ್ಟೋ ಮನೆಗಳಲ್ಲಿ ಕೊಳಕ್ಕೆ ಪ್ಲಾನಿಂಗ್ ಪರ್ಮಿಷನ್ (ಕಟ್ಟಲು ಕೌನ್ಸಿಲ್ ಕೊಡುವ ಅನುಮತಿ) ಬೇಕಾಗುವುದೇ ಇಲ್ಲ. ಕೆಲಸ ಕೆಡುವುದು ಹೆಚ್ಚಾಗಿ ಮರದ ಬೇರು, ಹಳೆಯ ಇಟ್ಟಿಗೆ ಗೋಡೆ, ಪಂಪಿನ ಸದ್ದು, ಇಂಥವುಗಳಿಂದ.

1967ರ ಸಿವಿಕ್ ಅಮೆನಿಟೀಸ್ ಆಕ್ಟ್‌ನಿಂದ ಶುರುವಾದ ಈ ವ್ಯವಸ್ಥೆಯಲ್ಲಿ ಮೊದಲು ಸೇರಿದ್ದು ಲಿಂಕನ್‌ಶೈರ್‌ನ ಸ್ಟ್ಯಾಮ್‌ಫರ್ಡ್ ಪಟ್ಟಣ. ಈಗ ಇಂಗ್ಲೆಂಡಿನಲ್ಲಿ ಇಂಥ ಪ್ರದೇಶಗಳು ಸುಮಾರು 10,000 ಇವೆ. ಕೆಳಗಿನ ಮಾತೆಲ್ಲ ಇಂಗ್ಲೆಂಡಿಗೆ ಮಾತ್ರ ಅನ್ವಯ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳ ನಿಯಮ ಬೇರೆ.

ಮೊದಲು ಟೇಪು ಹಿಡಿದು ಹಿತ್ತಲಿಗೆ ಹೋಗಿ

ಅರ್ಜಿಯಿಲ್ಲದೆ ಮಾಡಬಹುದಾದ ಕೆಲಸಗಳನ್ನು ಹೇಳುವ 2015ರ ಜನರಲ್ ಪರ್ಮಿಟೆಡ್ ಡೆವಲಪ್‌ಮೆಂಟ್ ಆರ್ಡರ್‌ನಲ್ಲಿ ಕ್ಲಾಸ್ ಇ ಎಂಬ ಭಾಗವಿದೆ. ಮನೆಯವರ ಬಳಕೆಗೆಂದು ಹಿತ್ತಲಲ್ಲಿ ಮಾಡುವ ಶೆಡ್ಡು, ಗ್ಯಾರೇಜುಗಳ ಜೊತೆ ಈಜುಕೊಳವನ್ನೂ ಅದು ಹೆಸರಿಟ್ಟು ಹೇಳುತ್ತದೆ. ಅದರ ಷರತ್ತುಗಳಿಗೆ ಹೊಂದಿದರೆ ಅರ್ಜಿಯೇ ಬೇಡ. ಕನ್ಸರ್ವೇಶನ್ ಏರಿಯಾದಲ್ಲಿ ಕಾಡುವ ಷರತ್ತು ಮುಖ್ಯವಾಗಿ ಒಂದು: ಮನೆಯ ಪಕ್ಕದ ಗೋಡೆಗೂ ಜಾಗದ ಎಲ್ಲೆಗೂ ನಡುವಿನ ನೆಲದಲ್ಲಿ ಕೊಳದ ಒಂದು ಅಂಚೂ ಬೀಳಬಾರದು. ಮನೆಯ ಮುಂಭಾಗವಂತೂ ಎಲ್ಲಿಯೂ ನಿಷಿದ್ಧ. ಉಳಿಯುವುದು ಹಿಂಬದಿ.

ಇಲ್ಲೊಂದು ಸೂಕ್ಷ್ಮವಿದೆ. ಮುಂದಿನದೂ ಅಲ್ಲದ, ಹಿಂದಿನದೂ ಅಲ್ಲದ ಗೋಡೆಯೆಲ್ಲ ಪಕ್ಕದ ಗೋಡೆಯೇ. ಮನೆ ಎಲ್ ಆಕಾರದಲ್ಲಿದ್ದು ಅಡುಗೆಮನೆಯ ರೆಕ್ಕೆಯೊಂದು ಹಿತ್ತಲಿಗೆ ಚಾಚಿದ್ದರೆ, ಆ ರೆಕ್ಕೆಯ ಪಕ್ಕದ ಗೋಡೆಯಿಂದ ಬೇಲಿಯವರೆಗಿನ ಜಾಗವೂ ನಿಷಿದ್ಧದ ಲೆಕ್ಕಕ್ಕೆ ಬರುತ್ತದೆ. ಬಿಸಿಲು ಚೆನ್ನಾಗಿ ಬೀಳುವ, ಗಾಳಿಗೆ ಮರೆಯಾದ ಮೂಲೆ ಎಂದು ಪೂಲ್ ಕಂಪನಿಯವರು ಮೊದಲು ಬೆರಳು ತೋರಿಸುವುದು ಅದೇ ಮೂಲೆಗೆ! ರೆಕ್ಕೆ ಮುಗಿಯುವಲ್ಲಿ ಒಂದು ದಾರ ಕಟ್ಟಿ ಎಲ್ಲೆಯವರೆಗೆ ಎಳೆಯಿರಿ. ಕೊಳ ಪೂರ್ತಿ ದಾರದಾಚೆ ಇರಲಿ.

ನಮ್ಮವರಲ್ಲಿ ನೀರು ಈಶಾನ್ಯದಲ್ಲೇ ಇರಬೇಕೆಂದು ವಾಸ್ತು ನೋಡುವವರಿದ್ದಾರೆ. ಅವರಿಗೊಂದು ತಮಾಷೆಯ ಸಂಕಟ: ವಾಸ್ತು ಮೆಚ್ಚುವ ಪೂರ್ವ ಅಥವಾ ಉತ್ತರ ಬಾಗಿಲಿನ ಮನೆಯಲ್ಲಿ ಈಶಾನ್ಯ ಮೂಲೆ ಮುಂಭಾಗಕ್ಕೆ ಬಿದ್ದು ಕ್ಲಾಸ್ ಇ ಕೈಕೊಡುತ್ತದೆ. ಯಾರೂ ಬೇಡವೆನ್ನುವ ದಕ್ಷಿಣ ಬಾಗಿಲಿನ ಮನೆಯಲ್ಲಿ ವಾಸ್ತುವೂ ಕಾನೂನೂ ಒಟ್ಟಿಗೆ ಒಲಿಯುತ್ತವೆ.

ಅರ್ಧ ಜಾಗದ ನಿಯಮ ಕೇಳಲು ದೊಡ್ಡದು, ಅಡ್ಡಿ ಬರುವುದು ಅಪರೂಪ. ಮೂಲ ಮನೆಯ ನೆಲ ಬಿಟ್ಟು ಉಳಿದ ಜಾಗದ ಶೇ. 50ಕ್ಕಿಂತ ಹೆಚ್ಚು ಮುಚ್ಚಬಾರದು, ಅಷ್ಟೆ. 600 ಚದರ ಮೀಟರ್ ಸೈಟು, ಮೂಲ ಮನೆ 100 ಎಂದರೆ ಮಿತಿ 250. ಹಿಂದಿನವರು ಕಟ್ಟಿದ ಎಕ್ಸ್‌ಟೆನ್ಶನ್ 40, ಗ್ಯಾರೇಜು 18, ಶೆಡ್ಡು 10, ಎಂಟಕ್ಕೆ ನಾಲ್ಕರ ಕೊಳ 32: ಎಲ್ಲ ಕೂಡಿದರೂ 100. ಮೂಲ ಮನೆ ಎಂದರೆ 1948ರ ಜುಲೈ 1ರಂದು ಇದ್ದದ್ದು. ಆಮೇಲೆ ಕಟ್ಟಿದ್ದಾದರೆ ಮೊದಲು ಕಟ್ಟಿದಾಗಿನದು. ಕೊಳದ ಸುತ್ತ ಮರದ ಡೆಕ್ ಹಾಕುವುದಾದರೆ ಅದು ನೆಲದಿಂದ 30 ಸೆಂಟಿಮೀಟರ್ ಮೀರಬಾರದು. ಕೊಳದ ಮೇಲೆ ಗಾಜಿನ ಮಾಡು ಹಾಕಿದರೆ ಅದು ಕಟ್ಟಡವಾಗಿಬಿಡುತ್ತದೆ. ಎಲ್ಲೆಯಿಂದ 2 ಮೀಟರಿನೊಳಗೆ ಅದರ ಎತ್ತರ 2.5 ಮೀಟರ್ ದಾಟುವಂತಿಲ್ಲ.

ಇಷ್ಟೆಲ್ಲ ಹೊಂದಿದರೂ ಕ್ಲಾಸ್ ಇ ಸಿಗದ ಸಂದರ್ಭಗಳಿವೆ. ಫ್ಲಾಟಿಗೆ ಅದು ಇಲ್ಲ. ಮನೆ ಲಿಸ್ಟೆಡ್ ಆಗಿದ್ದರೆ, ಎಂದರೆ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿದ್ದರೆ, ಇಲ್ಲ. ಆಗ ಪರ್ಮಿಷನ್ ಬೇಕೇ ಬೇಕು, ಹಳೆಯ ಕಟ್ಟಡವನ್ನೋ ಅದಕ್ಕೆ ಸೇರಿದ ಗೋಡೆಯನ್ನೋ ಮುಟ್ಟಿದರೆ ಲಿಸ್ಟೆಡ್ ಬಿಲ್ಡಿಂಗ್ ಕನ್ಸೆಂಟ್ ಬೇರೆ. ಕೌನ್ಸಿಲ್ ಆರ್ಟಿಕಲ್ 4 ಡೈರೆಕ್ಷನ್ ಹೊರಡಿಸಿ ಈ ಹಕ್ಕನ್ನು ಕಿತ್ತುಕೊಂಡಿರಬಹುದು. ಹಳೆಯ ಪರ್ಮಿಷನ್ ಒಂದರ ಷರತ್ತಿನಲ್ಲೂ ಹಕ್ಕು ಹೋಗಿರಬಹುದು; ಕೊಟ್ಟಿಗೆಯನ್ನು ಮನೆಯಾಗಿ ಪರಿವರ್ತಿಸಿದ ಕಡೆ ಇದು ತೀರಾ ಸಾಮಾನ್ಯ. ಕೌನ್ಸಿಲ್‌ನ ಪ್ಲಾನಿಂಗ್ ರಿಜಿಸ್ಟರ್‌ನಲ್ಲಿ ವಿಳಾಸ ಹಾಕಿ ಹಳೆಯ ಡಿಸಿಷನ್ ನೋಟಿಸ್‌ಗಳನ್ನು ಒಂದೊಂದಾಗಿ ಓದಿ. ಹಳ್ಳಿಯ ಮನೆಗಳಲ್ಲಿ ಇನ್ನೊಂದು ಉರುಲು: ಹಿತ್ತಲಿನ ಹಿಂದೆ ಕೊಂಡ ಕುದುರೆ ಮೇಯುವ ಜಾಗ ಹುಲ್ಲು ಕತ್ತರಿಸಿದ ಮಾತ್ರಕ್ಕೆ ಗಾರ್ಡನ್ ಆಗುವುದಿಲ್ಲ. ಅಲ್ಲಿ ಕೊಳ ತೋಡಿದರೆ ಜಮೀನಿನ ಬಳಕೆ ಬದಲಿಸಿದಂತೆ.

ಪರ್ಮಿಷನ್ ಬೇಡವಾದರೂ ಕಾಗದ ಬೇಕು

ಎಲ್ಲ ಹೊಂದಿದೆ ಎಂದು ಖಾತ್ರಿಯಾದರೆ ಲಾಫುಲ್ ಡೆವಲಪ್‌ಮೆಂಟ್ ಸರ್ಟಿಫಿಕೇಟ್‌ಗೆ (ಕೆಲಸ ಕಾನೂನುಬದ್ಧ ಎಂದು ಕೌನ್ಸಿಲ್ ಕೊಡುವ ಪ್ರಮಾಣಪತ್ರ) ಅರ್ಜಿ ಹಾಕಿ. ಶುಲ್ಕ ಪೂರ್ಣ ಅರ್ಜಿಯ ಅರ್ಧ. ಇದರಲ್ಲಿ ಕೊಳ ಚೆನ್ನಾಗಿದೆಯೇ, ನೆರೆಯವರಿಗೆ ಇಷ್ಟವೇ ಎಂಬ ಪ್ರಶ್ನೆ ಏಳುವುದೇ ಇಲ್ಲ; ಕಾನೂನಿಗೆ ಹೊಂದುತ್ತದೆಯೇ ಎಂಬುದಷ್ಟೇ. ಸಾಬೀತುಪಡಿಸುವ ಹೊಣೆ ನಿಮ್ಮದು, ಹಾಗಾಗಿ ಪ್ಲಾನಿನಲ್ಲಿ ಗೋಡೆಯಿಂದ ಕೊಳಕ್ಕೆ, ಕೊಳದಿಂದ ಎಲ್ಲೆಗೆ ಇರುವ ಅಳತೆಗಳನ್ನು ಅಂಕಿಯಲ್ಲೇ ಬರೆಯಿರಿ. ಕಾನೂನು ಈ ಸರ್ಟಿಫಿಕೇಟನ್ನು ಕಡ್ಡಾಯ ಮಾಡಿಲ್ಲ. ಆದರೆ ಮುಂದೆ ಮನೆ ಮಾರುವಾಗ ಕೊಳ್ಳುವವರ ಸಾಲಿಸಿಟರ್ ಕೇಳುವುದು ಇದನ್ನೇ.

ಪೂರ್ಣ ಅರ್ಜಿ ಹಾಕುವುದಾದರೆ

ಪ್ಲಾನಿಂಗ್ ಪೋರ್ಟಲ್‌ನಲ್ಲಿ ಹೌಸ್‌ಹೋಲ್ಡರ್ ಅರ್ಜಿ. ಶುಲ್ಕ ಪ್ರತಿ ಏಪ್ರಿಲ್‌ನಲ್ಲಿ ಬದಲಾಗುವುದರಿಂದ ಅಲ್ಲಿನ ಕ್ಯಾಲ್ಕುಲೇಟರ್ ನೋಡಿಯೇ ಕಟ್ಟಿ. ಬೇಕಾದ ನಕ್ಷೆಗಳು: ಮನೆ ಊರಲ್ಲಿ ಎಲ್ಲಿದೆಯೆಂದು ತೋರಿಸುವ 1:1250ರ ಲೊಕೇಶನ್ ಪ್ಲಾನ್, ಸೈಟಿನೊಳಗೆ ಕೊಳ ಎಲ್ಲಿದೆಯೆಂದು ತೋರಿಸುವ 1:200 ಅಥವಾ 1:500ರ ಬ್ಲಾಕ್ ಪ್ಲಾನ್, ಮತ್ತು ಕೊಳವನ್ನು ಉದ್ದಕ್ಕೂ ಸೀಳಿ ತೋರಿಸುವ 1:50ರ ಸೆಕ್ಷನ್. ಈಗಿನ ನೆಲಮಟ್ಟ, ಮುಂದಿನ ನೆಲಮಟ್ಟ ಎರಡೂ ಸೆಕ್ಷನ್‌ನಲ್ಲಿರಲಿ. ಲೊಕೇಶನ್ ಪ್ಲಾನ್‌ಗೆ ಲೈಸೆನ್ಸ್ ಇರುವ ಆರ್ಡ್‌ನನ್ಸ್ ಸರ್ವೇ ನಕ್ಷೆಯನ್ನೇ ಕೊಳ್ಳಿ. ಫೋನಿನ ಮ್ಯಾಪಿನ ಸ್ಕ್ರೀನ್‌ಶಾಟ್ ಹಾಕಿದರೆ ಅರ್ಜಿ ವ್ಯಾಲಿಡೇಶನ್‌ನಲ್ಲೇ (ಕಾಗದಗಳ ಮೊದಲ ಪರಿಶೀಲನೆ) ನಿಲ್ಲುತ್ತದೆ. ಕೌನ್ಸಿಲ್ ತೀರ್ಪು ಕೊಡಬೇಕಾದ ಎಂಟು ವಾರದ ಗಡಿಯಾರ ಅಲ್ಲಿಯವರೆಗೆ ಓಡಲು ಶುರುವಾಗುವುದೇ ಇಲ್ಲ. ಲೊಕೇಶನ್ ಪ್ಲಾನ್‌ನಲ್ಲಿ ಸೈಟಿನ ಸುತ್ತ ಎಳೆಯುವ ಕೆಂಪು ಗೆರೆ ಸಾರ್ವಜನಿಕ ರಸ್ತೆಯನ್ನು ಮುಟ್ಟಬೇಕು. ಆ ಗೆರೆಯೊಳಗೆ ನೆರೆಯವರೊಡನೆ ಹಂಚಿಕೊಂಡ ಡ್ರೈವ್‌ವೇ ಸೇರಿದ್ದರೆ ಜಾಗವೆಲ್ಲ ನಮ್ಮದೇ ಎನ್ನುವ ಓನರ್‌ಶಿಪ್ ಸರ್ಟಿಫಿಕೇಟ್ ಎ ನಡೆಯದು. ಅವರಿಗೆ ನೋಟಿಸ್ ಕೊಟ್ಟು ಬಿ ಸಹಿ ಮಾಡಬೇಕು.

ಎಲ್ಲಕ್ಕಿಂತ ತೂಕದ ಕಾಗದ ಹೆರಿಟೇಜ್ ಸ್ಟೇಟ್‌ಮೆಂಟ್, ಎಂದರೆ ಪ್ರದೇಶದ ಪರಂಪರೆಯ ಮೇಲೆ ಕೊಳದ ಪರಿಣಾಮವೇನೆಂದು ನೀವು ಬರೆದುಕೊಡುವ ವಿವರಣೆ. ಕಾರಣ ಹೀಗಿದೆ. ಈ ಪ್ರದೇಶದ ಲಕ್ಷಣಕ್ಕೆ ಸಣ್ಣ ಧಕ್ಕೆಯಾದರೂ ಇದೆ ಎಂದು ಅಧಿಕಾರಿ ಬರೆದರೆ, ಆ ಧಕ್ಕೆಯನ್ನು ಸಾರ್ವಜನಿಕ ಲಾಭದೊಡನೆ ತಕ್ಕಡಿಗೆ ಹಾಕಬೇಕು ಎನ್ನುತ್ತದೆ ರಾಷ್ಟ್ರೀಯ ಪ್ಲಾನಿಂಗ್ ನೀತಿ. ಸ್ವಂತ ಈಜುಕೊಳದಿಂದ ಊರಿಗೇನು ಲಾಭ? ಇನ್ನೊಂದು ತಟ್ಟೆ ಖಾಲಿ. ಆದ್ದರಿಂದ ಧಕ್ಕೆ ಕಡಿಮೆ ಎಂದು ವಾದಿಸಿ ಪ್ರಯೋಜನವಿಲ್ಲ, ಇಲ್ಲವೇ ಇಲ್ಲ ಎನ್ನುವಂತೆ ಕೊಳವನ್ನೇ ರೂಪಿಸಬೇಕು.

ಕೌನ್ಸಿಲ್ ಪ್ರಕಟಿಸಿದ ಕ್ಯಾರೆಕ್ಟರ್ ಅಪ್ರೈಸಲ್ (ಪ್ರದೇಶದ ಲಕ್ಷಣಗಳ ವರದಿ) ಓದಿ, ನಿಮ್ಮ ಬೀದಿಯ ಬಗ್ಗೆ ಅದು ಏನು ಹೇಳುತ್ತದೆಂದು ಗುರುತು ಮಾಡಿಕೊಳ್ಳಿ. ಉದ್ದನೆಯ ಹಸಿರು ಹಿತ್ತಲುಗಳು, ಬೆಣಚುಕಲ್ಲಿನ ಗೋಡೆಗಳು, ಚರ್ಚಿನ ಕಡೆಗಿನ ನೋಟ ಎಂದೆಲ್ಲ ಇರುತ್ತದೆ. ಸ್ಟೇಟ್‌ಮೆಂಟ್ ಒಂದೊಂದಕ್ಕೂ ಉತ್ತರ ಕೊಡಲಿ. ಮೂರು ನಾಲ್ಕು ಪುಟ ಸಾಕು. 'ಈ ಕೊಳದಿಂದ ಪರಂಪರೆಗೆ ಯಾವ ತೊಂದರೆಯೂ ಆಗುವುದಿಲ್ಲ' ಎಂಬ ವಾಕ್ಯಕ್ಕೆ ಕಾಸಿನ ಬೆಲೆಯಿಲ್ಲ. 'ಹಿಂದಿನ ಕಾಲುದಾರಿಯ ಬದಿಯ ಗೋಡೆ 1.9 ಮೀಟರ್ ಎತ್ತರವಿದೆ, ಕೊಳ ನೆಲಮಟ್ಟದಲ್ಲಿದೆ, ಕಾಲುದಾರಿಯಿಂದ ತೆಗೆದ ಫೋಟೋ 3ರಲ್ಲಿ ಹುಲ್ಲುಹಾಸು ಕಾಣುವುದಿಲ್ಲ' ಎಂದರೆ ಅಧಿಕಾರಿ ಅದನ್ನೇ ತಮ್ಮ ವರದಿಗೆ ಎತ್ತಿಕೊಳ್ಳುತ್ತಾರೆ. ಫೋಟೋಗಳನ್ನು ಎಲೆ ಉದುರಿದ ಚಳಿಗಾಲದಲ್ಲಿ ತೆಗೆಯಿರಿ. ಬೇಸಿಗೆಯ ಎಲೆಮರೆಯನ್ನು ನಂಬಿ ವಾದ ಕಟ್ಟಿದರೆ ಜನವರಿಯಲ್ಲಿ ಸ್ಥಳಕ್ಕೆ ಬಂದ ಅಧಿಕಾರಿಗೆ ಬೇರೆಯೇ ಕಾಣುತ್ತದೆ.

ರೂಪದಲ್ಲಿ ಮೂರು ಬದಲಾವಣೆ ಬಹಳ ಕೆಲಸ ಮಾಡುತ್ತವೆ: ಹೊಳೆಯುವ ತಿಳಿನೀಲಿ ಲೈನರ್ ಬದಲು ಕಡುಬೂದು, ಸುತ್ತ ಅಗಲವಾದ ಕಾಂಕ್ರೀಟ್ ಬದಲು ಸ್ಥಳೀಯ ಕಲ್ಲಿನ ಕಿರಿದಾದ ಅಂಚು (ಉಳಿದದ್ದು ಹುಲ್ಲು), ಸುರುಳಿ ಸುತ್ತುವ ಮುಚ್ಚಳದ ಪೆಟ್ಟಿಗೆ ನೆಲದಡಿಗೆ. ಕಂಬದ ದೀಪಗಳನ್ನು ಕೈಬಿಡಿ.

ಮರ, ಗೋಡೆ, ಪಂಪು

ಕ್ಲಾಸ್ ಇ ಅಡಿ ಬಂದ ಕೊಳಕ್ಕೂ ಮರದ ನಿಯಮ ತಪ್ಪಿದ್ದಲ್ಲ. ಕನ್ಸರ್ವೇಶನ್ ಏರಿಯಾದಲ್ಲಿ ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಾಂಡದ ವ್ಯಾಸ 75 ಮಿಲಿಮೀಟರ್ ಮೀರಿದ ಮರವನ್ನು ಕಡಿಯುವ ಮೊದಲು ಕೌನ್ಸಿಲ್‌ಗೆ ಆರು ವಾರದ ನೋಟಿಸ್ ಕೊಡಬೇಕು. ಬೇರು ಕಡಿದರೂ ಕಡಿದಂತೆಯೇ. ವ್ಯಾಸ ಅಳೆಯಲು ದರ್ಜಿಯ ಟೇಪು ಸಾಕು: ಸುತ್ತಳತೆಯನ್ನು 3.14ರಿಂದ ಭಾಗಿಸಿ. ಸುತ್ತಳತೆ 24 ಸೆಂಟಿಮೀಟರ್ ದಾಟಿದರೆ ಮರ ನಿಯಮದೊಳಗೆ ಬಂತು. ಇದಕ್ಕೆ ಶುಲ್ಕವಿಲ್ಲ. ಆರು ವಾರದೊಳಗೆ ಕೌನ್ಸಿಲ್ ಮರಕ್ಕೆ ಪ್ರಿಸರ್ವೇಶನ್ ಆರ್ಡರ್ (ಮರ ಉಳಿಸುವ ಆದೇಶ) ಹಾಕದಿದ್ದರೆ ಮುಂದುವರಿಯಬಹುದು.

ಬೇರಿನ ಹರವಿಗೆ ಬಿಎಸ್ 5837 ಎಂಬ ಬ್ರಿಟಿಷ್ ಮಾನದಂಡವಿದೆ: ಕಾಂಡದ ವ್ಯಾಸದ 12 ಪಟ್ಟು ತ್ರಿಜ್ಯದ ವೃತ್ತ. ಸುತ್ತಳತೆ 126 ಸೆಂಟಿಮೀಟರ್ ಇರುವ ಮರದ ವ್ಯಾಸ 40, ಎಂದರೆ 4.8 ಮೀಟರ್ ದೂರದವರೆಗೆ ಅಗೆತ ಬೇಡ. ನೆರೆಯವರ ಮರದ ವೃತ್ತ ಬೇಲಿ ದಾಟಿ ನಿಮ್ಮ ಕಡೆಗೆ ಬಂದರೆ ಅದೂ ಲೆಕ್ಕಕ್ಕೆ. ಕೊಳ ಮಾತ್ರವಲ್ಲ, ಪಂಪಿನವರೆಗಿನ ಪೈಪಿನ ಕಾಲುವೆಯೂ ವೃತ್ತದಿಂದಾಚೆ ಇರಲಿ. ಕೊಳವನ್ನು ಜೋಪಾನವಾಗಿ ದೂರವಿಟ್ಟು, ಪೈಪನ್ನು ನೇರ ಬೇರಿನ ನಡುವೆ ಎಳೆದ ನಕ್ಷೆಗಳಿಗೆ ಬರವಿಲ್ಲ.

ಡಿಗ್ಗರ್ ಒಳಗೆ ಬರುವುದು ಎಲ್ಲಿಂದ? ಇದನ್ನು ಕೊನೆಗೆ ಯೋಚಿಸುವವರೇ ಹೆಚ್ಚು. ಒಂದೂವರೆ ಟನ್ನಿನ ಮಿನಿ ಡಿಗ್ಗರ್‌ಗೂ ಸುಮಾರು ಒಂದು ಮೀಟರ್ ದಾರಿ ಬೇಕು. ದಾರಿ ಸಾಲದೆಂದು ಕಂಟ್ರಾಕ್ಟರ್ ಹಳೆಯ ಗೋಡೆ ಕೆಡವಿದರೆ ವಿಷಯ ಗಂಭೀರ. ರಸ್ತೆಯ ಬದಿಯಲ್ಲಿ 1 ಮೀಟರ್, ಬೇರೆ ಕಡೆ 2 ಮೀಟರ್ ಅಥವಾ ಹೆಚ್ಚು ಎತ್ತರದ ಗೋಡೆ ಕೆಡವಲು ಇಲ್ಲಿ ಪರ್ಮಿಷನ್ ಬೇಕು, ಇಲ್ಲದೆ ಕೆಡವುವುದು ಅಪರಾಧ. ಗೋಡೆ ಬಿಚ್ಚಿ ಅದೇ ಇಟ್ಟಿಗೆಯಿಂದ, ಸುಣ್ಣದ ಗಾರೆಯಲ್ಲಿ ಮತ್ತೆ ಕಟ್ಟುವ ಯೋಜನೆ ಇದ್ದರೆ ಅದನ್ನೂ ಇದೇ ಅರ್ಜಿಯಲ್ಲಿ ಸೇರಿಸಿ.

ನೆರೆಯವರ ಆಕ್ಷೇಪಣೆ ಹೆಚ್ಚಾಗಿ ಬರುವುದು ಹೀಟ್ ಪಂಪಿನ ಸದ್ದಿನ ಮೇಲೆ. ಅದನ್ನು ಅವರ ಮಲಗುವ ಕೋಣೆಯ ಕಿಟಕಿಯಿಂದ ಸಾಧ್ಯವಾದಷ್ಟು ದೂರ ಇಡಿ, ಮಾಡೆಲ್ ಮತ್ತು ಡೆಸಿಬೆಲ್ ಅಂಕಿಯನ್ನು ಅರ್ಜಿಯಲ್ಲೇ ಕೊಡಿ. ತಕರಾರು ಬಂದಮೇಲೆ ಬಿಎಸ್ 4142 ಪ್ರಕಾರ ಸದ್ದಿನ ವರದಿ ಮಾಡಿಸುವುದಕ್ಕಿಂತ ಇದು ಅಗ್ಗ.

ತೀರ್ಪಿನ ನಂತರ

ಅರ್ಜಿ ವ್ಯಾಲಿಡ್ ಆದಮೇಲೆ 21 ದಿನ ಸಾರ್ವಜನಿಕರ ಅಭಿಪ್ರಾಯಕ್ಕೆ. ಗೇಟಿನ ಬಳಿ ನೋಟಿಸ್ ಅಂಟಿಸುತ್ತಾರೆ, ಪತ್ರಿಕೆಯಲ್ಲೂ ಹಾಕುತ್ತಾರೆ. ಸಿಕ್ಕ ಪರ್ಮಿಷನ್‌ಗೆ ಮೂರು ವರ್ಷದೊಳಗೆ ಕೆಲಸ ಶುರು ಮಾಡಬೇಕು. ಷರತ್ತುಗಳಲ್ಲಿ 'ಕೆಲಸ ಆರಂಭಿಸುವ ಮೊದಲು' ಎಂದು ಇರುವುದನ್ನು ಹುಡುಕಿ: ಮರಕ್ಕೆ ರಕ್ಷಣಾ ಬೇಲಿ, ಹಳೆಯ ಪಟ್ಟಣಗಳಲ್ಲಿ ಅಗೆತದ ವೇಳೆ ಪುರಾತತ್ವ ತಜ್ಞರ ಹಾಜರಿ. ಇವಕ್ಕೆ ಬೇರೆ ಅರ್ಜಿ, ಬೇರೆ ಕಾಯುವಿಕೆ. ಜೂನ್‌ನಲ್ಲಿ ಈಜಬೇಕೆಂದರೆ ಹಿಂದಿನ ಸೆಪ್ಟೆಂಬರ್‌ನಲ್ಲೇ ಅರ್ಜಿ ಹೋಗಿರಬೇಕು.

ನಿರಾಕರಿಸಿದರೆ ಅಪೀಲಿಗೆ 12 ವಾರ ಇದೆ. ಕಾರಣ ಮರ ಅಥವಾ ಜಾಗವಾಗಿದ್ದರೆ ನಕ್ಷೆ ತಿದ್ದಿ ಹೊಸ ಅರ್ಜಿ ಹಾಕುವುದೇ ಲೇಸು. ಮೊದಲಿದ್ದ ಉಚಿತ ಎರಡನೇ ಅರ್ಜಿಯ ಸೌಲಭ್ಯ 2023ರ ಡಿಸೆಂಬರ್‌ನಲ್ಲಿ ಹೋಯಿತು. ಸುಮ್ಮನೆ ತೋಡಿ ನಾಲ್ಕು ವರ್ಷ ಕಾದರಾಯಿತು ಎಂಬ ಹಳೆಯ ಸಲಹೆ ಈಗ ನಡೆಯದು. 2024ರ ಏಪ್ರಿಲ್ 25ರಂದು ಅಥವಾ ಆಮೇಲೆ ಮುಗಿದ ಕೆಲಸಕ್ಕೆ ಕೌನ್ಸಿಲ್ ಹತ್ತು ವರ್ಷದವರೆಗೆ ಕ್ರಮ ಕೈಗೊಳ್ಳಬಹುದು.

ಮಣ್ಣಿನ ಲೆಕ್ಕವನ್ನು ಮೊದಲೇ ಹಾಕಿಡಿ. ಎಂಟಕ್ಕೆ ನಾಲ್ಕರ ಕೊಳಕ್ಕೆ ಗುಂಡಿ ಒಂಬತ್ತಕ್ಕೆ ಐದು, ಆಳ ಸರಾಸರಿ 1.7 ಮೀಟರ್, 76 ಘನ ಮೀಟರ್. ಅಗೆದ ಮಣ್ಣು ಉಬ್ಬಿ ನೂರರ ಹತ್ತಿರವಾಗುತ್ತದೆ, ಎಂಟು ಚಕ್ರದ ಟಿಪ್ಪರ್‌ನಲ್ಲಿ ಎಂಟು ಹತ್ತು ಲೋಡು. ಇಷ್ಟು ಮಣ್ಣನ್ನು ಹಿತ್ತಲಲ್ಲೇ ಹರಡಿ ನೆಲ ಎತ್ತರಿಸಿದರೆ ಅದಕ್ಕೂ ಪರ್ಮಿಷನ್ ಕೇಳುವ ಪ್ರಸಂಗ ಬರುತ್ತದೆ. ನೆರೆಮನೆಯ ಗೋಡೆಗೆ 3 ಮೀಟರಿನೊಳಗೆ ಅದರ ಪಾಯಕ್ಕಿಂತ ಆಳ ಹೋದರೆ 1996ರ ಪಾರ್ಟಿ ವಾಲ್ ಆಕ್ಟ್‌ನಡಿ ಒಂದು ತಿಂಗಳ ನೋಟಿಸ್ ಕೊಡಿ. ಫಿಲ್ಟರ್ ತೊಳೆದ ನೀರು ಮಳೆನೀರಿನ ಚರಂಡಿಗೆ ಹೋಗಬಾರದು, ಅದು ಹೆಚ್ಚಾಗಿ ನೇರ ಹೊಳೆ ಸೇರುತ್ತದೆ. ಫೌಲ್ ಸೀವರ್‌ಗೆ (ಕೊಳಚೆ ನೀರಿನ ಚರಂಡಿ) ಬಿಡಲು ನೀರಿನ ಕಂಪನಿಯ ಒಪ್ಪಿಗೆ ಪಡೆದು, ಆ ಪೈಪನ್ನೂ ಮೊದಲ ನಕ್ಷೆಯಲ್ಲೇ ತೋರಿಸಿ.